ಉಪಗ್ರಹ ಡೇಟಾ ಸಂಶೋಧಕರ ಕೈಗೆ ನಿಜವಾಗಿ ಸಿಗಬೇಕಾದರೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಲ್ಯಾಂಡ್‌ಸ್ಯಾಟ್ ಉಪಗ್ರಹದ ಒಂದು ದೃಶ್ಯಕ್ಕೆ, ಅಂದರೆ ಒಂದು ಚಿತ್ರಕ್ಕೆ, ಒಂದು ಕಾಲದಲ್ಲಿ ಸುಮಾರು 600 ಡಾಲರ್ ಕೊಡಬೇಕಿತ್ತು. ಹಾಗಾಗಿ ಹೆಚ್ಚಿನ ಸಂಶೋಧಕರು ಹಳೆಯದೊಂದು, ಹೊಸದೊಂದು ಚಿತ್ರ ಕೊಂಡು ಎರಡರ ವ್ಯತ್ಯಾಸ ಬರೆದು ಮುಗಿಸುತ್ತಿದ್ದರು. ನಡುವಿನ ವರ್ಷಗಳಲ್ಲಿ ಏನಾಯಿತು ಎಂದು ಕೇಳಲು ದುಡ್ಡೇ ಇರುತ್ತಿರಲಿಲ್ಲ. 2008ರಲ್ಲಿ ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆ ಯುಎಸ್‌ಜಿಎಸ್ ಇಡೀ ಸಂಗ್ರಹವನ್ನು ಉಚಿತವಾಗಿ ತೆರೆಯುವ ನಿರ್ಧಾರ ಮಾಡಿತು. ಐದೇ ವರ್ಷದಲ್ಲಿ, 2013ರಲ್ಲಿ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಹ್ಯಾನ್ಸನ್ ಮತ್ತು ಸಂಗಡಿಗರು 6.5 ಲಕ್ಷಕ್ಕೂ ಹೆಚ್ಚು ದೃಶ್ಯಗಳನ್ನು ಬಳಸಿ ಇಡೀ ಜಗತ್ತಿನ ಕಾಡು ಎಲ್ಲಿ ಕಳೆದಿದೆ, ಎಲ್ಲಿ ಬೆಳೆದಿದೆ ಎಂಬ ನಕ್ಷೆ ಪ್ರಕಟಿಸಿದರು. ಹಳೆಯ ದರದಲ್ಲಿ ಲೆಕ್ಕ ಹಾಕಿದರೆ ಅಷ್ಟು ಚಿತ್ರಕ್ಕೆ 39 ಕೋಟಿ ಡಾಲರ್. ಅಂಥ ಪ್ರಶ್ನೆಯನ್ನು ಯಾರೂ ಕೇಳಲು ಹೋಗುತ್ತಿರಲಿಲ್ಲ.

ಬೆಲೆಯ ಅಡ್ಡಿ ಹೋಗಿ ಇಷ್ಟು ವರ್ಷವಾದರೂ, ಹೊಸದಾಗಿ ಸಂಶೋಧನೆಗೆ ಇಳಿದವರು ತಿಂಗಳುಗಟ್ಟಲೆ ಡೌನ್‌ಲೋಡ್ ಮಾಡುತ್ತಾ ಕೂತಿರುವುದನ್ನು ನಾನು ಈಗಲೂ ನೋಡುತ್ತೇನೆ. ಹಾರ್ಡ್ ಡಿಸ್ಕ್ ತುಂಬಿರುತ್ತದೆ, ಗ್ರಾಫ್ ಒಂದೂ ಬಂದಿರುವುದಿಲ್ಲ. ಡೇಟಾ ಉಚಿತ ಅಂದ ಮಾತ್ರಕ್ಕೆ ಅದು ಕೈಗೆ ಸಿಕ್ಕಿತು ಅನ್ನಲಾಗದು. ಬೇಕಾದ ಅಳತೆ, ಬೇಕಾದಷ್ಟೇ, ಎಷ್ಟು ನಂಬಬಹುದು ಎಂಬ ತಿಳಿವಳಿಕೆಯ ಸಮೇತ ನಿಮ್ಮ ಪರದೆಯ ಮೇಲೆ ಬಂದಾಗ ಮಾತ್ರ ಸಿಕ್ಕಿದಂತೆ. ಅಲ್ಲಿಗೆ ತಲುಪುವ ದಾರಿಯನ್ನು ನಾನು ನಡೆದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಯಾವ ಜಾಲತಾಣವನ್ನೂ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಏನನ್ನು ಅಳೆಯಬೇಕು, ಎಷ್ಟು ಸಣ್ಣದು ಕಾಣಬೇಕು, ಎಷ್ಟು ದಿನಕ್ಕೊಮ್ಮೆ ಬೇಕು, ಯಾವ ವರ್ಷದಿಂದ ಬೇಕು, ಈ ನಾಲ್ಕೂ ಒಂದೇ ವಾಕ್ಯದಲ್ಲಿ ಬರಲಿ. ಉದಾಹರಣೆಗೆ, "2 ಕಿಲೋಮೀಟರ್ ಅಗಲದ ಕೆರೆಯ ನೀರಿನ ಹರವು 2018ರಿಂದ ಇಂದಿನವರೆಗೆ ವಾರಕ್ಕೊಮ್ಮೆ ಬೇಕು." ಈ ವಾಕ್ಯ ಬರೆದಾಗಲೇ ಅರ್ಧ ಆಯ್ಕೆ ಆಗಿಬಿಟ್ಟಿರುತ್ತದೆ.

ಏಕೆಂದರೆ ಯಾವ ಉಪಗ್ರಹವೂ ನಾಲ್ಕನ್ನೂ ಒಟ್ಟಿಗೆ ಕೊಡುವುದಿಲ್ಲ. ಲ್ಯಾಂಡ್‌ಸ್ಯಾಟ್ ಸರಣಿಯ ಬಳಿ 1972ರಿಂದ ದಾಖಲೆ ಇದೆ. ಈಗಿನ 8 ಮತ್ತು 9ನೇ ಉಪಗ್ರಹಗಳ ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ ನೆಲದ 30 ಮೀಟರ್, ಎರಡೂ ಸೇರಿ 8 ದಿನಕ್ಕೊಮ್ಮೆ ಒಂದೇ ಜಾಗವನ್ನು ನೋಡುತ್ತವೆ. ಐರೋಪ್ಯ ಸೆಂಟಿನೆಲ್-2 ಶುರುವಾದದ್ದು 2015ರಲ್ಲಿ. ಅದರ ಸ್ಪಷ್ಟ ಬ್ಯಾಂಡ್‌ಗಳು (ಬೆಳಕಿನ ಒಂದೊಂದು ತರಂಗ ಪಟ್ಟಿಯಲ್ಲಿ ತೆಗೆದ ಚಿತ್ರಗಳು) 10 ಮೀಟರ್, ಜೋಡಿ ಉಪಗ್ರಹಗಳ ಭೇಟಿ 5 ದಿನಕ್ಕೊಮ್ಮೆ. ಮೋಡಿಸ್ ಸಂವೇದಕ 2000ದಿಂದ ಹೆಚ್ಚುಕಡಿಮೆ ದಿನವೂ ಇಡೀ ಭೂಮಿಯನ್ನು ನೋಡಿದೆ, ಆದರೆ ಅದರ ಪಿಕ್ಸೆಲ್ 250 ಮೀಟರ್‌ನಿಂದ ಮೇಲಕ್ಕೆ. ಮಳೆಗೆ ನಾಸಾದ ಐಮರ್ಜ್ ಎಂಬ ಡೇಟಾ: ಅರ್ಧ ಗಂಟೆಗೊಮ್ಮೆ, 0.1 ಡಿಗ್ರಿ ಚೌಕದಲ್ಲಿ. ಇದರಲ್ಲೂ ಬೇರೆ ಬೇರೆ ಬಗೆ ಇದೆ. ಕೆಲವು ಗಂಟೆಗಳಲ್ಲಿ ಬರುವುದು ಪ್ರವಾಹದ ಎಚ್ಚರಿಕೆಗೆ. ಮಳೆಮಾಪಕಗಳೊಂದಿಗೆ ಹೊಂದಿಸಿ ತಿಂಗಳುಗಳ ನಂತರ ಬರುವ ಅಂತಿಮ ಆವೃತ್ತಿ ಸಂಶೋಧನಾ ಪ್ರಬಂಧಕ್ಕೆ. ಅವಸರದ ಆವೃತ್ತಿಯಿಂದ ಹವಾಮಾನದ ಪ್ರವೃತ್ತಿ ಬರೆಯಲು ಹೋಗಬೇಡಿ.

ಅಂತರ್ಜಲದ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಗ್ರೇಸ್ ಜೋಡಿ ಉಪಗ್ರಹಗಳು 2002ರಿಂದ 2017ರವರೆಗೆ, ನಂತರ ಗ್ರೇಸ್-ಎಫ್‌ಒ 2018ರಿಂದ, ಗುರುತ್ವದ ಸಣ್ಣ ಬದಲಾವಣೆಯನ್ನು ಹಿಡಿದು ನೀರಿನ ತೂಕವನ್ನು ಅಂದಾಜು ಮಾಡುತ್ತವೆ. ಅದ್ಭುತ ಅಳತೆ. ಆದರೆ ಅದು ಸರಿಯಾಗಿ ನೋಡುವುದು ಸುಮಾರು 300 ಕಿಲೋಮೀಟರ್ ವಿಸ್ತಾರವನ್ನು. ಫೈಲಿನ ಚೌಕಗಳು ಅದಕ್ಕಿಂತ ಸಣ್ಣದಾಗಿ ಕಾಣುತ್ತವೆ ಎಂದು ಒಂದು ಹೊಳೆಯ ಜಲಾನಯನದ ಲೆಕ್ಕ ಅದರಿಂದ ತೆಗೆಯುವವರು ಬಹಳ ಇದ್ದಾರೆ. ಚೌಕ ಸಣ್ಣದಾದರೆ ಅಳತೆ ಸೂಕ್ಷ್ಮವಾಗುವುದಿಲ್ಲ. ಎರಡು ಯೋಜನೆಗಳ ನಡುವೆ ಸುಮಾರು 11 ತಿಂಗಳ ಖಾಲಿ ಇದೆ ಎಂಬುದನ್ನೂ ಗ್ರಾಫ್ ಎಳೆಯುವಾಗ ನೆನಪಿಡಿ.

ಹಂತ 2: ಸಂಸ್ಕರಣೆಯ ಮಟ್ಟ ಆರಿಸಿ

ಡೇಟಾ 0ಯಿಂದ 4ರವರೆಗಿನ ಮಟ್ಟಗಳಲ್ಲಿ ಬರುತ್ತದೆ. 0 ಅಂದರೆ ಉಪಗ್ರಹ ಕಳಿಸಿದ ಹಸಿ ಸಂಕೇತ. 1ರಲ್ಲಿ ಸಂವೇದಕ ಕಂಡ ಬೆಳಕು ಮಾಪನಾಂಕದೊಂದಿಗೆ ಇರುತ್ತದೆ. 2ರಲ್ಲಿ ನೆಲದ ಪ್ರತಿಫಲನ, ತಾಪಮಾನದಂಥ ಭೌತಿಕ ಅಳತೆ. 3ರಲ್ಲಿ ಅದನ್ನೇ ಕಾಲ-ಜಾಗಗಳ ಸಮಾನ ಚೌಕಗಳಿಗೆ ಹಾಕಿರುತ್ತಾರೆ. 4ರಲ್ಲಿ ಗಣಿತ ಮಾದರಿಗಳ ಲೆಕ್ಕವೂ ಸೇರಿರುತ್ತದೆ. ಬೆಳಕಿಗೆ ವಾತಾವರಣ ಸೇರಿಸುವ ದೋಷವನ್ನು ತೆಗೆಯುವ ತಿದ್ದುಪಡಿಯೇ ನಿಮ್ಮ ಸಂಶೋಧನೆಯ ವಿಷಯ ಅಲ್ಲದಿದ್ದರೆ 2ನೇ ಮಟ್ಟದಿಂದ ಶುರು ಮಾಡಿ. ಬೇರೆಯವರು ವರ್ಷಗಟ್ಟಲೆ ತಿದ್ದಿ ಕೊಟ್ಟದ್ದನ್ನು ಮತ್ತೆ ಮೊದಲಿನಿಂದ ಮಾಡಿದರೆ ಯಾರಿಗೂ ಲಾಭವಿಲ್ಲ.

ಹಂತ 3: ಖಾತೆಗಳನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿ

ನಾಸಾದ ಅರ್ತ್‌ಡೇಟಾ ಲಾಗಿನ್, ಯುಎಸ್‌ಜಿಎಸ್‌ನ ಅರ್ತ್ ಎಕ್ಸ್‌ಪ್ಲೋರರ್, ಐರೋಪ್ಯರ ಕೋಪರ್ನಿಕಸ್ ಡೇಟಾ ಸ್ಪೇಸ್, ಇಸ್ರೋದ ಭೂನಿಧಿ ಮತ್ತು ಹವಾಮಾನ-ಸಾಗರಗಳಿಗೆ ಮೋಸ್ಡ್ಯಾಕ್. ಈ ಐದರಲ್ಲಿ ನೋಂದಾಯಿಸಿಕೊಂಡರೆ ಹೆಚ್ಚಿನ ಕೆಲಸ ನಡೆಯುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್, ಎಲ್-ಬ್ಯಾಂಡ್ ಮತ್ತು ಎಸ್-ಬ್ಯಾಂಡ್ ರೇಡಾರ್ ಎರಡನ್ನೂ ಹೊತ್ತ ನಾಸಾ-ಇಸ್ರೋ ಜಂಟಿ ಉಪಗ್ರಹ. ನೆಲ ಕುಸಿತ, ಹಿಮನದಿ, ಭೂಕಂಪದ ಕೆಲಸ ಮಾಡುವವರು ಈ ಖಾತೆಗಳನ್ನು ತಡ ಮಾಡಬಾರದು.

ಇಲ್ಲಿ ಸಿಕ್ಕಿಬೀಳುವ ಜಾಗ ಒಂದೇ. ಹೆಸರು, ಪಾಸ್‌ವರ್ಡ್ ಸರಿಯಾಗಿದ್ದರೂ ಪ್ರೋಗ್ರಾಂ 401 ಅಥವಾ 403 ಎಂಬ ದೋಷ ತೋರಿಸುತ್ತದೆ. ಅರ್ತ್‌ಡೇಟಾದಲ್ಲಿ ಆಯಾ ದತ್ತಾಂಶ ಕೇಂದ್ರದ ಆ್ಯಪ್‌ಗೆ ನಿಮ್ಮ ಪ್ರೊಫೈಲ್ ಪುಟದಲ್ಲಿ ಅನುಮತಿ ಕೊಟ್ಟಿರಬೇಕು, ಕೆಲವಕ್ಕೆ ಬಳಕೆಯ ಒಪ್ಪಂದವನ್ನೂ ಒಪ್ಪಿರಬೇಕು. ಅದನ್ನು ಮೊದಲು ನೋಡಿ. ಪಾಸ್‌ವರ್ಡನ್ನು ಪ್ರೋಗ್ರಾಂ ಒಳಗೆ ಬರೆಯಬೇಡಿ; ನಾಳೆ ಆ ಪ್ರೋಗ್ರಾಂ ಹಂಚಿಕೊಳ್ಳುವಾಗ ಅದೂ ಹೋಗುತ್ತದೆ. ಹೋಮ್ ಫೋಲ್ಡರಿನ ನೆಟ್‌ಆರ್‌ಸಿ (.netrc) ಎಂಬ ಲಾಗಿನ್ ಫೈಲಿನಲ್ಲಿಟ್ಟು, ನಿಮ್ಮೊಬ್ಬರಿಗೇ ಓದಲು ಬರುವಂತೆ ಅದರ ಅನುಮತಿಯನ್ನು 600ಕ್ಕೆ ಹೊಂದಿಸಿ. ಪೈಥಾನ್ ಬಳಸುವವರಿಗೆ ಅರ್ತ್‌ಆಕ್ಸೆಸ್ ಎಂಬ ಲೈಬ್ರರಿ ಈ ಲಾಗಿನ್ ತೊಡಕನ್ನು ಎರಡು ಸಾಲಿಗೆ ಇಳಿಸುತ್ತದೆ.

ಹಂತ 4: ಫೋಲ್ಡರ್ ಹುಡುಕಬೇಡಿ, ಕ್ಯಾಟಲಾಗ್ ಕೇಳಿ

ಈಗ ಹೆಚ್ಚಿನ ಸಂಗ್ರಹಗಳು ಸ್ಟ್ಯಾಕ್ ಎಂಬ ಸಮಾನ ಕ್ಯಾಟಲಾಗ್ ಭಾಷೆ ಮಾತಾಡುತ್ತವೆ. ಜಾಗ, ದಿನಾಂಕ, ಸಂಗ್ರಹದ ಹೆಸರು ಕೊಟ್ಟರೆ ಹೊಂದುವ ಚಿತ್ರಗಳ ಪಟ್ಟಿ, ಪ್ರತಿ ಬ್ಯಾಂಡಿನ ವಿಳಾಸ ಸಮೇತ ವಾಪಸ್ ಬರುತ್ತದೆ. ಜಾಗವನ್ನು ಕೊಡುವಾಗ ಕ್ರಮ ಪಶ್ಚಿಮ, ದಕ್ಷಿಣ, ಪೂರ್ವ, ಉತ್ತರ. ಅಂದರೆ ರೇಖಾಂಶ ಮೊದಲು. ನಾವು ಬಾಯಲ್ಲಿ ಅಕ್ಷಾಂಶ ಮೊದಲು ಹೇಳಿ ರೂಢಿ, ಬೆರಳೂ ಹಾಗೆಯೇ ಟೈಪ್ ಮಾಡುತ್ತದೆ. ಫಲಿತಾಂಶ ಸೊನ್ನೆ ಬಂದರೆ ಮೊದಲು ಇದನ್ನು ಪರೀಕ್ಷಿಸಿ.

ಮೋಡದ ಜರಡಿಯ ಬಗ್ಗೆ ನನ್ನ ಅಭಿಪ್ರಾಯ ಬಹಳ ಪಾಠಗಳಿಗಿಂತ ಬೇರೆ. "ಮೋಡ 10 ಶೇಕಡಕ್ಕಿಂತ ಕಡಿಮೆ" ಎಂದು ಹಾಕಿ ಶುರು ಮಾಡಿ ಎನ್ನುತ್ತಾರೆ. ಆ ಶೇಕಡಾ ಇಡೀ ಟೈಲಿನದ್ದು (ಚಿತ್ರಗಳನ್ನು ಹಂಚುವ ದೊಡ್ಡ ಚೌಕ), ನಿಮ್ಮ ಜಾಗದ್ದಲ್ಲ. ಸುಮಾರು 110 ಕಿಲೋಮೀಟರ್ ಅಗಲದ ಟೈಲ್ 60 ಶೇಕಡ ಮೋಡದಲ್ಲಿದ್ದರೂ ನಿಮ್ಮ 2 ಕಿಲೋಮೀಟರ್ ಕೆರೆ ಬಿಸಿಲಲ್ಲಿ ಹೊಳೆಯುತ್ತಿರಬಹುದು. ಮಳೆಗಾಲದಲ್ಲಿ ಅಂಥ ಒಂದು ಚಿತ್ರವೇ ಆ ತಿಂಗಳ ಏಕೈಕ ಸಾಕ್ಷಿ. ಆದ್ದರಿಂದ ಹುಡುಕುವಾಗ ಜರಡಿ ಸಡಿಲವಾಗಿರಲಿ, 80 ಶೇಕಡದವರೆಗೂ ಬಿಡಿ. ಬಿಗಿಯಾದ ತಪಾಸಣೆ ನಿಮ್ಮ ಜಾಗದ ಪಿಕ್ಸೆಲ್‌ಗಳ ಮೇಲೆ ನಡೆಯಲಿ. ಆಗಲೂ ಖಾಲಿ ಉಳಿದ ವಾರಗಳಿಗೆ ಸೆಂಟಿನೆಲ್-1 ಇದೆ. ಅದರ ರೇಡಾರ್‌ಗೆ ಮೋಡ, ಕತ್ತಲೆ ಎರಡೂ ಅಡ್ಡಿಯಲ್ಲ. ಗಾಳಿ ಬೀಸಿ ನೀರು ಅಲೆಯೆದ್ದ ದಿನ ಮಾತ್ರ ಕೆರೆ ಅದರ ಕಣ್ಣಿಗೆ ನೆಲದಂತೆಯೇ ಬೆಳ್ಳಗೆ ಕಾಣಬಹುದು, ಹುಷಾರು.

ಹಂತ 5: ಫೈಲ್ ತರಬೇಡಿ, ಪಿಕ್ಸೆಲ್ ತನ್ನಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಸೆಂಟಿನೆಲ್-2ರ ಒಂದು ಟೈಲ್ 10 ಮೀಟರ್ ಬ್ಯಾಂಡಿನಲ್ಲಿ 10,980 × 10,980 ಪಿಕ್ಸೆಲ್, ಅಂದರೆ 12 ಕೋಟಿ. ಎಲ್ಲ ಬ್ಯಾಂಡ್ ಸೇರಿದ ಫೈಲ್ ಒಂದು ಜಿಬಿಯ ಆಸುಪಾಸು. ನಮ್ಮ ಕೆರೆ 2 ಕಿಲೋಮೀಟರ್ ಚೌಕವಾದರೆ ಬೇಕಿರುವುದು 200 × 200, ಅಂದರೆ 40,000 ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೆ 2 ಬೈಟ್, ನೀರು ಗುರುತಿಸಲು ಎರಡು ಬ್ಯಾಂಡ್; ಒಟ್ಟು 160 ಕಿಲೋಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗಿಂತ ಕಡಿಮೆ. ಐದು ವರ್ಷದ 300 ಚಿತ್ರಗಳಿಗೆ 300 ಜಿಬಿ ತರುವುದೋ, 50 ಎಂಬಿ ತರುವುದೋ ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ಇಂಟರ್ನೆಟ್ ನಿಧಾನವಿರುವ ಪ್ರಯೋಗಾಲಯಕ್ಕೆ ಸಂಶೋಧನೆ ಸಾಧ್ಯವೋ ಇಲ್ಲವೋ ಎಂಬುದೂ ಇಲ್ಲೇ ತೀರ್ಮಾನವಾಗುತ್ತದೆ.

ಇದು ಹೇಗೆ ಸಾಧ್ಯ? ಕ್ಲೌಡ್ ಆಪ್ಟಿಮೈಸ್ಡ್ ಜಿಯೋಟಿಫ್, ಬಾಯಿಮಾತಿನಲ್ಲಿ ಕಾಗ್, ಎಂಬ ಮಾದರಿಯಲ್ಲಿ ಚಿತ್ರವನ್ನು ಒಳಗೇ ಸಣ್ಣ ಚೌಕಗಳಾಗಿ ಕತ್ತರಿಸಿಟ್ಟಿರುತ್ತಾರೆ. ಯಾವ ಚೌಕ ಫೈಲಿನ ಎಷ್ಟನೇ ಬೈಟ್‌ನಲ್ಲಿದೆ ಎಂಬ ಸೂಚಿ ತಲೆಭಾಗದಲ್ಲಿರುತ್ತದೆ. ನಿಮ್ಮ ಪ್ರೋಗ್ರಾಂ ಮೊದಲು ತಲೆಭಾಗವನ್ನಷ್ಟೇ ಓದಿ, ಆಮೇಲೆ ಬೇಕಾದ ಚೌಕಗಳ ಬೈಟ್‌ಗಳನ್ನು ಮಾತ್ರ ಸರ್ವರ್‌ನಿಂದ ಕೇಳುತ್ತದೆ. ಅಂಚಿನ ಚೌಕಗಳು ಸೇರಿ 160 ಕಿಲೋಬೈಟ್ ಹೋಗಿ ಕೆಲವು ಎಂಬಿ ಆಗಬಹುದು. ಆದರೂ ಒಂದು ಜಿಬಿಯ ಹತ್ತಿರವೂ ಬರುವುದಿಲ್ಲ. ಪೈಥಾನ್‌ನ ರಾಸ್ಟೀರಿಯೊ ಲೈಬ್ರರಿ, ನಕ್ಷೆ ನೋಡುವ ಕ್ಯೂಜಿಐಎಸ್ ತಂತ್ರಾಂಶ ಎರಡೂ ಇದನ್ನು ತಾವಾಗಿಯೇ ಮಾಡುತ್ತವೆ. ಕ್ಯೂಜಿಐಎಸ್‌ನಲ್ಲಿ ಫೈಲಿನ ಬದಲು ವಿಳಾಸವನ್ನು ಅಂಟಿಸಿದರೆ ಸಾಕು. ಕಾಲದ ಆಯಾಮವೂ ಇರುವ ಮಳೆ, ಸಾಗರದ ಡೇಟಾಗೆ ಇದೇ ಉಪಾಯದ ರೂಪ ಝಾರ್.

ಪ್ರೋಗ್ರಾಂ ಬರೆಯದವರಿಗೂ ದಾರಿ ಇದೆ. ಹೊಲ, ಕಾಡು ಸುತ್ತಿ ಅಳತೆ ತರುವ ಸಂಗಾತಿಗಳಿಗೆ ನಾನು ಮೊದಲು ತೋರಿಸುವುದು ನಾಸಾದ ಆ್ಯಪಿಯರ್ಸ್. ನಿಮ್ಮ 50 ಜಾಗಗಳ ಅಕ್ಷಾಂಶ-ರೇಖಾಂಶದ ಪಟ್ಟಿ ಕೊಡಿ, ಬೇಕಾದ ಅಳತೆ ಮತ್ತು ಅವಧಿ ಆರಿಸಿ. ಸ್ವಲ್ಪ ಹೊತ್ತಿಗೆ ಗುಣಮಟ್ಟದ ಟಿಪ್ಪಣಿ ಸಮೇತ ಎಕ್ಸೆಲ್‌ನಲ್ಲಿ ತೆರೆಯುವ ಕೋಷ್ಟಕ ಬರುತ್ತದೆ.

ಕೆಲಸ ದೊಡ್ಡದಾದರೆ ಡೇಟಾ ಇರುವಲ್ಲಿಗೇ ಪ್ರೋಗ್ರಾಂ ಕಳಿಸಿ. ಗೂಗಲ್ ಅರ್ತ್ ಎಂಜಿನ್ ವಾಣಿಜ್ಯೇತರ ಸಂಶೋಧನೆಗೆ ಉಚಿತ. ಹ್ಯಾನ್ಸನ್ ಅವರ ಕಾಡಿನ ನಕ್ಷೆ ಆದದ್ದೂ ಅದರ ಮೇಲೆಯೇ. ಅದು ಒಂದು ಕಂಪನಿಯ ಅಂಗಳ ಎಂಬುದನ್ನು ಮಾತ್ರ ಮರೆಯಬೇಡಿ, ಮಧ್ಯಂತರ ಫಲಿತಾಂಶವನ್ನು ಹೊರಗೆ ತೆಗೆದಿಟ್ಟುಕೊಳ್ಳಿ. ನಾಸಾದ ಕ್ಲೌಡ್ ಸಂಗ್ರಹ ಅಮೆಜಾನ್‌ನ ಪಶ್ಚಿಮ ಅಮೆರಿಕದ ಒರೆಗಾನ್ ವಲಯದಲ್ಲಿದೆ. ನೇರ ಓದು ಅದೇ ವಲಯದ ಯಂತ್ರದಿಂದ ಮಾತ್ರ ಸಾಧ್ಯ. ಬೇರೆಡೆಯಿಂದ ಮಾಮೂಲಿ ವೆಬ್ ದಾರಿಯಲ್ಲೇ ಬರಬೇಕು. ಪ್ರೋಗ್ರಾಂ ಸರಿಯಿದ್ದೂ ಓಡದಿದ್ದರೆ ಕಾರಣ ಬಹುಪಾಲು ಇದೇ.

ಇಡೀ ಫೈಲ್ ತರಲೇಬೇಕಾದ ಸಂದರ್ಭವೂ ಬರುತ್ತದೆ, ರೇಡಾರ್ ಇಂಟರ್‌ಫೆರೊಮೆಟ್ರಿಯಲ್ಲಿ (ರೇಡಾರ್ ಚಿತ್ರಗಳನ್ನು ಹೋಲಿಸಿ ನೆಲದ ಸಣ್ಣ ಚಲನೆ ಅಳೆಯುವ ವಿಧಾನ) ವಿಶೇಷವಾಗಿ. ಆಗ ಬ್ರೌಸರ್ ಬಿಟ್ಟು, ನಿಂತಲ್ಲಿಂದ ಮುಂದುವರಿಸುವ ಸಾಧನ ಬಳಸಿ, ರಾತ್ರಿ ಓಡಲು ಬಿಡಿ. ಬಂದ ಮೇಲೆ ಚೆಕ್‌ಸಮ್, ಅಂದರೆ ಫೈಲ್ ಪೂರ್ತಿ ಬಂದಿದೆಯೇ ಎಂದು ತಿಳಿಸುವ ಸಂಕೇತ, ತಾಳೆ ನೋಡಿ. ಅರ್ಧ ಬಂದ ಫೈಲ್ ಎಷ್ಟೋ ಸಲ ದೋಷ ತೋರಿಸದೆಯೇ ತೆರೆದುಕೊಳ್ಳುತ್ತದೆ.

ಹಂತ 6: ಅಂಕಿಯನ್ನು ನಂಬುವ ಮೊದಲು

ನಮ್ಮ ತಂಡದ್ದೇ ಒಂದು ಅನುಭವ ಹೇಳುತ್ತೇನೆ. ಕೆರೆಯೊಂದರ ಗ್ರಾಫ್ 2022ರ ಆರಂಭದಲ್ಲಿ ದಿಢೀರನೆ ಕುಸಿದಿತ್ತು. ಬರಗಾಲವೇ ಎಂದು ಎರಡು ವಾರ ಮಳೆಯ ದಾಖಲೆ ಹುಡುಕಿದೆವು. ಕೆರೆಗೆ ಏನೂ ಆಗಿರಲಿಲ್ಲ. 2022ರ ಜನವರಿ 25ರಿಂದ ಸೆಂಟಿನೆಲ್-2ರ ಸಂಸ್ಕರಣಾ ಕ್ರಮ 04.00 ಆಯಿತು, ಪ್ರತಿ ಪಿಕ್ಸೆಲ್‌ನ ಅಂಕಿಗೂ 1000 ಕೂಡಿಸಿ ಕೊಡಲು ಶುರು ಮಾಡಿದರು. ಬಳಸುವಾಗ ಅದನ್ನು ಕಳೆದು, ಆಮೇಲೆ 10,000ದಿಂದ ಭಾಗಿಸಬೇಕು.

ಇದು ಎಷ್ಟು ಕೆಡಿಸುತ್ತದೆ ನೋಡಿ. ಒಂದು ಪಿಕ್ಸೆಲ್‌ನಲ್ಲಿ ಹಸಿರು ಬ್ಯಾಂಡ್ 1400, ಅವಗೆಂಪು 1300 ಎಂದಿಟ್ಟುಕೊಳ್ಳಿ. ನೀರಿನ ಸೂಚ್ಯಂಕ ಅಂದರೆ ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸುವುದು. ಹಾಗೆಯೇ ಮಾಡಿದರೆ 100 ಭಾಗ 2700, ಬರುವುದು 0.037. ಸಾವಿರ ಕಳೆದು ಮಾಡಿದರೆ 100 ಭಾಗ 700, ಅಂದರೆ 0.143. ನಾವು 0.1ಕ್ಕಿಂತ ಹೆಚ್ಚಿದ್ದರೆ ನೀರು ಎಂದು ಗೆರೆ ಎಳೆದಿದ್ದೆವು. ಹಾಗಾಗಿ ಇದ್ದ ನೀರು ಒಣನೆಲದ ಲೆಕ್ಕಕ್ಕೆ ಹೋಯಿತು. ಗೆರೆ 0ಯಲ್ಲಿದ್ದಿದ್ದರೆ ಏನೂ ಕಾಣದೆ, ತಪ್ಪು ಒಳಗೇ ಉಳಿಯುತ್ತಿತ್ತು.

ಚಿತ್ರ ತೆಗೆದ ದಿನಾಂಕ ನೋಡಿ ಕಳೆಯುವುದೂ ಸರಿಯಲ್ಲ, ಏಕೆಂದರೆ ಹಳೆಯ ಚಿತ್ರಗಳನ್ನೂ ಹೊಸ ಕ್ರಮದಲ್ಲಿ ಮರುಸಂಸ್ಕರಿಸಿದ್ದಾರೆ. ಫೈಲಿನ ಹೆಸರಿನಲ್ಲಿ ಎನ್ ಅಕ್ಷರದ ನಂತರ ನಾಲ್ಕು ಅಂಕಿ ಇರುತ್ತವೆ. ಅದು 0400 ಅಥವಾ ಹೆಚ್ಚಿದ್ದರೆ ಕಳೆಯಬೇಕು. ಕೆಲವು ಕ್ಲೌಡ್ ಪ್ರತಿಗಳಲ್ಲಿ ಮೊದಲೇ ಕಳೆದಿಟ್ಟಿರುತ್ತಾರೆ, ಅದು ಸ್ಟ್ಯಾಕ್ ವಿವರದಲ್ಲಿ ಬರೆದಿರುತ್ತದೆ. ಎರಡು ಸಲ ಕಳೆದರೆ ಕೆರೆ ಋಣ ಸಂಖ್ಯೆಗೆ ಹೋಗುತ್ತದೆ.

ಲ್ಯಾಂಡ್‌ಸ್ಯಾಟ್ ಕಲೆಕ್ಷನ್ 2 ಎಂಬ ಆವೃತ್ತಿಯ ನೆಲದ ಪ್ರತಿಫಲನಕ್ಕೆ ಬೇರೆ ಲೆಕ್ಕ: ಅಂಕಿಯನ್ನು 0.0000275ರಿಂದ ಗುಣಿಸಿ 0.2 ಕಳೆಯಿರಿ. ಅದರ ಗುಣಮಟ್ಟದ ಬ್ಯಾಂಡಿನಲ್ಲಿ 21824, 22280 ಎಂಬಂಥ ಅಂಕಿಗಳು ಕಂಡು ಹೊಸಬರು ಗಾಬರಿಯಾಗುತ್ತಾರೆ. ಅದನ್ನು ದ್ವಿಮಾನದಲ್ಲಿ ಬಿಡಿಸಿ ಓದಬೇಕು. ಸೊನ್ನೆಯಿಂದ ಎಣಿಸಿದರೆ 3ನೇ ಬಿಟ್ ಮೋಡ, 4ನೇದು ಮೋಡದ ನೆರಳು, 6ನೇದು ನಿರ್ಮಲ, 7ನೇದು ನೀರು. 21824ರಲ್ಲಿ 6ನೇ ಬಿಟ್ ಎದ್ದಿದೆ, ನೆಲ ಸ್ವಚ್ಛ ಕಾಣುತ್ತಿದೆ. 22280ರಲ್ಲಿ 3ನೇದು ಎದ್ದಿದೆ, ಅದು ಮೋಡ. ಒಮ್ಮೆ ಕೈಯಾರೆ ಬಿಡಿಸಿ ನೋಡಿದವರಿಗೆ ಆಮೇಲೆ ಮರೆಯುವುದಿಲ್ಲ. ಲ್ಯಾಂಡ್‌ಸ್ಯಾಟ್ 7 ಬಳಸುವವರು 2003ರ ಮೇ 31ರ ನಂತರದ ಚಿತ್ರಗಳಲ್ಲಿ ಕಪ್ಪು ಪಟ್ಟಿಗಳನ್ನು ಕಾಣುತ್ತಾರೆ. ಅಂದು ಅದರ ಸ್ಕ್ಯಾನ್ ತಿದ್ದುವ ಭಾಗ ಕೆಟ್ಟು, ಪ್ರತಿ ದೃಶ್ಯದ ಸುಮಾರು 22 ಶೇಕಡ ಕಳೆದುಹೋಗುತ್ತದೆ.

ಯಾವ ಮೋಡದ ಗುರುತೂ ಪೂರ್ತಿ ಸರಿಯಿಲ್ಲ. ಕಪ್ಪು ನೀರನ್ನು ನೆರಳೆಂದೂ, ಬಿಳಿ ಮರಳನ್ನು ಮೋಡವೆಂದೂ ಯಂತ್ರ ತಿಳಿಯುತ್ತದೆ. ಹಾಗಾಗಿ 20 ಚಿತ್ರಗಳನ್ನಾದರೂ ಕಣ್ಣಾರೆ ನೋಡಿ. ನೆಲದ ಅಳತೆ ಸಿಗುವಂತಿದ್ದರೆ ಅದರೊಂದಿಗೆ ತಾಳೆ ಹಾಕಿ.

ಹಂತ 7: ತಂಡಕ್ಕೆ ದಾರಿ ಮಾಡಿಡಿ

ಒಬ್ಬರು ಕಷ್ಟಪಟ್ಟು ಕಲಿತದ್ದು ಅವರು ಪದವಿ ಮುಗಿಸಿ ಹೊರಟಾಗ ಅವರೊಂದಿಗೇ ಹೋಗುತ್ತದೆ. ಇದು ನನಗೆ ತುಂಬ ನೋವಿನ ವಿಷಯ. ಪ್ರಯೋಗಾಲಯದ ಮುಖ್ಯಸ್ಥರು ಮೂರು ಏರ್ಪಾಡು ಮಾಡಿದರೆ ಸಾಕು. ಎಲ್ಲರೂ ಓದಬಲ್ಲ ಒಂದೇ ಸಂಗ್ರಹ ಇರಲಿ, ಒಂದೇ ಟೈಲನ್ನು ನಾಲ್ವರು ತರಬೇಕಾಗಿಲ್ಲ. ಒಬ್ಬರಿಗೆ ಅದರ ಹೊಣೆ ಕೊಡಿ, ಮತ್ತು ಆ ಸಮಯವನ್ನು ಅವರ ಕೆಲಸದ ಭಾಗವೆಂದೇ ಲೆಕ್ಕಕ್ಕೆ ಹಿಡಿಯಿರಿ. ಮೂರನೆಯದು, ಪ್ರತಿ ಡೇಟಾಗೂ ಉತ್ಪನ್ನದ ಪೂರ್ತಿ ಹೆಸರು, ಆವೃತ್ತಿ, ಡಿಒಐ (ಡೇಟಾದ ಶಾಶ್ವತ ಗುರುತು), ತಂದ ದಿನಾಂಕ ಬರೆದಿಡುವ ಒಂದು ಸರಳ ಪುಸ್ತಕ.

ಆವೃತ್ತಿ ಏಕೆ ಮುಖ್ಯವೆಂದರೆ ಡೇಟಾ ಬದಲಾಗುತ್ತಲೇ ಇರುತ್ತದೆ, ಬಾಗಿಲುಗಳೂ ಬದಲಾಗುತ್ತವೆ. ಸೆಂಟಿನೆಲ್ ಚಿತ್ರಗಳಿಗೆ ಎಲ್ಲರೂ ಹೋಗುತ್ತಿದ್ದ ಹಳೆಯ ಓಪನ್ ಆಕ್ಸೆಸ್ ಹಬ್ 2023ರ ಕೊನೆಗೆ ಮುಚ್ಚಿತು. ಅದರ ವಿಳಾಸವನ್ನು ಒಳಗೇ ಬರೆದುಕೊಂಡಿದ್ದ ಪ್ರೋಗ್ರಾಂಗಳೆಲ್ಲ ನಿಂತವು. ಹುಡುಕಿ ತರುವ ಭಾಗವನ್ನು ಒಂದು ಫೈಲಿನಲ್ಲಿ, ವಿಶ್ಲೇಷಣೆಯನ್ನು ಇನ್ನೊಂದರಲ್ಲಿ ಇಡಿ. ಮುಂದಿನ ಸಲ ಬಾಗಿಲು ಬದಲಾದಾಗ ಮೊದಲನೆಯದನ್ನಷ್ಟೇ ತಿದ್ದಿದರಾಯಿತು.

ದತ್ತಾಂಶ ಕೇಂದ್ರಗಳಿಗೆ ಬರೆಯಲು ಹಿಂಜರಿಯಬೇಡಿ. "ಡೌನ್‌ಲೋಡ್ ಆಗುತ್ತಿಲ್ಲ" ಎಂದು ಬರೆದರೆ ಉತ್ತರ ತಡವಾಗುತ್ತದೆ. ಫೈಲಿನ ಪೂರ್ತಿ ಹೆಸರು, ದೋಷದ ಸಂಖ್ಯೆ, ಪ್ರಯತ್ನಿಸಿದ ಸಮಯ, ಹತ್ತು ಸಾಲಿನ ಪ್ರೋಗ್ರಾಂ ಜೊತೆಗಿರಲಿ. ಜಾಗ ಕತ್ತರಿಸಿ ತೆಗೆಯುವ ಸೌಲಭ್ಯವಿಲ್ಲ, ಕಾಗ್ ರೂಪವಿಲ್ಲ, ಅನುಮತಿಗೆ ಯಾರೋ ಸಹಿ ಹಾಕುವವರೆಗೆ ಕಾಯಬೇಕು ಎಂಬಂಥ ಅಡ್ಡಿಗಳನ್ನೂ, ಅದರಿಂದ ನಿಮ್ಮ ಯಾವ ಕೆಲಸ ನಿಂತಿತು ಎಂಬ ವಿವರದೊಂದಿಗೆ ಬರೆಯಿರಿ. ಬಳಸುವವರು ಕೇಳದೆ ಆ ಕಡೆಯವರಿಗೆ ತಿಳಿಯುವುದಿಲ್ಲ.

ಹಂತ 8: ನಿಮ್ಮದನ್ನೂ ತೆರೆದಿಡಿ

ನೀವು ಮಾಡಿದ ಕೆರೆಯ ನಕ್ಷೆಗಳು ಇನ್ನೊಬ್ಬರಿಗೆ ಡೇಟಾ. ಕಾಗ್ ರೂಪದಲ್ಲಿ ಉಳಿಸಿ, ಸರ್ನ್ ನಡೆಸುವ ಝೆನೋಡೊದಂಥ ಭಂಡಾರದಲ್ಲಿಟ್ಟು ಡಿಒಐ ಪಡೆಯಿರಿ, ಬಳಕೆಯ ಪರವಾನಗಿ ಸ್ಪಷ್ಟವಾಗಿ ಬರೆಯಿರಿ. ಪರವಾನಗಿ ಇಲ್ಲದ ಡೇಟಾವನ್ನು ಎಚ್ಚರಿಕೆಯ ಸಂಶೋಧಕರು ಮುಟ್ಟುವುದಿಲ್ಲ. ಜೊತೆಗೊಂದು ರೀಡ್‌ಮಿ ಪುಟ: ಯಾವ ಆವೃತ್ತಿ, ಯಾವ ಗೆರೆ, ಮೋಡ ಹೇಗೆ ತೆಗೆದಿರಿ, ಎಲ್ಲಿ ನಂಬಬಾರದು.

ಪ್ರಕಟಿಸುವ ಮೊದಲು ಆ ಪುಟವನ್ನು ತಂಡಕ್ಕೆ ಹೊಸದಾಗಿ ಸೇರಿದ ಒಬ್ಬರಿಗೆ ಕೊಡಿ. ಬಾಯಿಮಾತಿನ ಸಹಾಯ ಮಾಡದೆ, ಅವರದೇ ಲ್ಯಾಪ್‌ಟಾಪಿನಲ್ಲಿ ಒಂದು ತಿಂಗಳ ನಕ್ಷೆಯನ್ನು ಮತ್ತೆ ತೆಗೆಯಲು ಹೇಳಿ ಪಕ್ಕದಲ್ಲಿ ಕೂರಿ. ಅವರು ಎಲ್ಲಿ ನಿಂತರೋ ಆ ಸಾಲನ್ನು ಗುರುತು ಹಾಕಿಕೊಂಡು, ಅಂದೇ ತಿದ್ದಿ ಬರೆಯಿರಿ.